ಬಾವಿಗೆ ನೆಟ್ಟ ಬಿದಿರು

ಜಪಾನಿನ ನಮ್ಮ ಕುಮಾಮೊಟೊ ಕಡೆ ಬಾವಿ ಮುಚ್ಚುವಾಗ, ಒಳಗಿನ ದೇವರು ಉಸಿರಾಡಲೆಂದು ಬಿದಿರಿನ ಕೊಳವೆ ನೆಟ್ಟೇ ಮಣ್ಣು ತುಂಬುವುದು. ಗದ್ದೆಯಲ್ಲಿ ನಿಂತ ನೀರು ಇಂಗಿ ನಮ್ಮ ಬಾವಿಗೆ ಬರುತ್ತಿತ್ತು. ಗದ್ದೆಗಳೆಲ್ಲ ಕಾರ್ಖಾನೆಯ ಡಾಂಬರಿನಡಿ ಹೋದವು, ಬಾವಿ ಬತ್ತಿತು. ಮುಚ್ಚಿದೆವು.

ಮರುದಿನ ಮಧ್ಯಾಹ್ನ ಅತ್ತೆ ಫುಸಾಯೆ ಕೊಳವೆಗೆ ಕಿವಿಯಿಟ್ಟು ಕೂತಿದ್ದರು. "ಉಸಿರು ಎಳ್ಕೊಳ್ತಾನೇ ಇದೆ ಕಣೇ, ಬಿಡ್ತಾನೇ ಇಲ್ಲ."

"ಗಾಳಿ ಇರ್ಬೇಕು ಬಿಡಿ ಅತ್ತೆ."

"ಗದ್ದೆ ಮಾರೋವಾಗ್ಲೂ ನೀನು ಹೀಗೇ ಅಂದಿದ್ದೆ, ಏನೂ ಆಗಲ್ಲ ಬಿಡಿ ಅಂತ!"

ಕೊಳವೆಯ ಬಾಯಿಗೆ ಅಂಗೈ ಇಟ್ಟೆ. ಅಂಟಿಕೊಂಡಿತು. ಇಬ್ಬರೂ ಸೇರಿ ಕೈಯನ್ನು ಎಳೆದು ಬಿಡಿಸಿದೆವು. ಬೆರಳುಗಳು ಒಣಗಿ ಸುಕ್ಕಾಗಿದ್ದವು.

ಅತ್ತೆ ಒಂದು ಬಕೆಟ್ ನೀರು ಹುಯ್ದರು. ಬಿದ್ದ ಸದ್ದಾಗಲಿಲ್ಲ, ನುಂಗಿದ ಸದ್ದಾಯಿತು.

ಅಂದಿನಿಂದ ದಿನವೂ ಹುಯ್ಯುತ್ತಿದ್ದೇವೆ. ನಿನ್ನೆ ಅಡುಗೆಮನೆಯ ನಲ್ಲಿ ತಿರುಗಿಸಿ ಕೈಯೊಡ್ಡಿದೆ. ನೀರು ಬರಲಿಲ್ಲ, ನಲ್ಲಿ ನನ್ನ ಅಂಗೈಯನ್ನು ಒಳಕ್ಕೆಳೆದುಕೊಂಡಿತು.