ವೇಡ್ ಕಟ್ಟಿದ ಶೆವೆಲ್

ಢಮಾರ್!

ಗುಂಡು ನನ್ನ ಕಿವಿಯ ಪಕ್ಕದಲ್ಲೇ ಹಾದು ಶೆಡ್ಡಿನ ತಗಡಿಗೆ ಬಡಿಯಿತು. ನಾನು ದೊಪ್ಪನೆ ನೆಲಕ್ಕೆ ಬಿದ್ದೆ.

"ಟ್ರಕ್ಕಿನಿಂದ ಕಾರು ಕೆಳಗಿಳಿಸು ಮೆರಿಕ್! ಇಲ್ಲಾಂದ್ರೆ ಇನ್ನೊಂದು ಹಣೆಗೇ!"

ಡಾಲ್ಫ್ ಕ್ರಾಸ್ಕೋ. ಕೈಯಲ್ಲಿ ಬಂದೂಕು... ಕಣ್ಣಲ್ಲಿ ನೀರು!

ಅಳುತ್ತಾ ಗುಂಡು ಹಾರಿಸುವವನನ್ನು ಕಂಡರೆ ನನಗೆ ಭಯ ಜಾಸ್ತಿ ಸ್ವಾಮಿ. ಅವನಿಗೆ ಕಳೆದುಕೊಳ್ಳಲು ಏನೂ ಉಳಿದಿರುವುದಿಲ್ಲ.

ಕಳುವಾದ ಕಾರು ಹುಡುಕಿಕೊಡುವುದು ನನ್ನ ಕಸುಬು. ಟೊಲಿಡೋ ಊರಿನ ಸುತ್ತಮುತ್ತ ಎಲ್ಲರಿಗೂ ಗೊತ್ತು. ಅವತ್ತು ಬೆಳಿಗ್ಗೆ ಮುದುಕ ಓರ್ವಿಲ್ ಫೋನ್ ಮಾಡಿದ್ದ.

"ವೇಡ್‌ನ ಕಾರು ಯಾರೋ ಎತ್ಕೊಂಡು ಹೋದ್ರು ಕಣೋ. ಮಧ್ಯಾಹ್ನ ಅವನನ್ನ ಮಣ್ಣು ಮಾಡೋ ಹೊತ್ತಿಗೆ ಅದು ಅಲ್ಲಿರಬೇಕು..."

ವೇಡ್ ಅವನ ಒಬ್ಬನೇ ಮಗ. ಹೆದ್ದಾರಿಯಲ್ಲಿ ಲಾರಿ ಬಡಿದು ಸತ್ತ. ಎಪ್ಪತ್ತರ ಇಸವಿಯ ಶೆವೆಲ್ ಕಾರೊಂದನ್ನು ಗುಜರಿಯಿಂದ ತಂದು, ವರ್ಷಗಟ್ಟಲೆ ಬೆವರು ಸುರಿಸಿ, ಮತ್ತೆ ಕಟ್ಟಿ ನಿಲ್ಲಿಸಿದ್ದ. ಇಂಜಿನ್ ಕೂರಿಸಿ ಮುಗಿಸಿದ್ದನಷ್ಟೇ. ಒಂದು ಸಲವೂ ಸ್ಟಾರ್ಟ್ ಮಾಡಿರಲಿಲ್ಲ!

ನಮ್ಮ ಕಡೆ ಕಾರಿನ ಹುಚ್ಚಿನವನು ಸತ್ತರೆ ಗೆಳೆಯರು ತಂತಮ್ಮ ಕಾರು ತಂದು ಗೋರಿಯ ಪಕ್ಕ ಒಮ್ಮೆ ಇಂಜಿನ್ ಗುಡುಗಿಸುತ್ತಾರೆ. ವೇಡ್‌ಗೆ ಅವನದೇ ಇಂಜಿನ್ ಗುಡುಗಬೇಕು ಅಂತ ಮುದುಕನ ಹಟ.

ಹುಡುಕುತ್ತಾ ಹೋದರೆ ಕಾರು ಸಿಕ್ಕಿದ್ದು ಈ ಕ್ರಾಸ್ಕೋನ ಶೆಡ್ಡಿನಲ್ಲಿ. ಇವನು ವೇಡ್‌ನ ಜೀವದ ಗೆಳೆಯ. ಆ ಕಾರಿನ ಒಂದೊಂದು ಬೋಲ್ಟಿಗೂ ಇವನ ಕೈ ತಾಗಿತ್ತು. ಥೂ! ಉರಿಯುವ ಮನೆಯಲ್ಲಿ ಗಳ ಹಿರಿಯುವ ಬುದ್ಧಿ ಎಂದುಕೊಂಡೆ.

ಕೈಗೆ ಸಿಕ್ಕ ಜ್ಯಾಕಿನ ರಾಡು ಬೀಸಿದೆ. ಅವನ ಮೊಣಕಾಲಿಗೆ ಬಿತ್ತು.

"ಅಯ್ಯೋ!"

ಶೆವೆಲ್ ಆಗಲೇ ನನ್ನ ಟ್ರಕ್ಕಿನ ಮೇಲೇರಿತ್ತು. ಹಾರಿ ಕೂತೆ. ಹೊರಟೆ!

ಎರಡು ತಿರುವು ದಾಟುವಷ್ಟರಲ್ಲಿ ಅವನ ಗಾಡಿ ನನ್ನ ಪಕ್ಕಕ್ಕೇ ಬಂತು. ಕಿಟಕಿಯಿಂದ ಬಂದೂಕು ಹೊರಗೆ ಚಾಚಿದ. ನಾನು ತಲೆ ತಗ್ಗಿಸಿದೆ...

ಗುಂಡು ಬರಲಿಲ್ಲ.

ಶೆವೆಲ್ಲನ್ನು ಒಮ್ಮೆ ನೋಡಿ ಬಂದೂಕನ್ನು ಒಳಗೆ ಎಳೆದುಕೊಂಡಿದ್ದ. ಗುರಿ ತಪ್ಪಿದರೆ ಕಾರಿಗೆ ತಗುಲೀತೆಂಬ ಭಯ!

"ಮುದುಕನ ಕೈಗೆ ಕೊಡಬೇಡ! ಕೊಲ್ತಾನೆ ಅದನ್ನ!"

"ಹೋಗಲೇ ಕಳ್ಳ!"

ಸ್ಟೀರಿಂಗ್ ಒಮ್ಮೆ ಎಡಕ್ಕೆ ಎಳೆದೆ. ಅವನ ಗಾಡಿ ಜೋಳದ ಹೊಲಕ್ಕೆ ನುಗ್ಗಿತು.

ಸ್ಮಶಾನದಲ್ಲಿ ಕಾರುಗಳು ಸಾಲಾಗಿ ನಿಂತಿದ್ದವು. ಶೆವೆಲ್ ಇಳಿಸಿದೆ. ಓರ್ವಿಲ್ ನನ್ನ ಭುಜ ಒತ್ತಿ, ಕಾರಿನೊಳಗೆ ಕೂತ.

ಅಷ್ಟರಲ್ಲಿ ಕ್ರಾಸ್ಕೋ! ಗೋರಿಗಳ ನಡುವೆ ಕುಂಟುತ್ತಾ ಓಡಿ ಬರುತ್ತಿದ್ದ. ಬರಿಗೈ. ಕೊರಳಪಟ್ಟಿ ಹಿಡಿದೆ.

"ಬಿಡೋ! ಹೊಸ ಇಂಜಿನ್ ಕಣೋ! ಮೊದಲ ಸಲ ಸ್ಟಾರ್ಟ್ ಮಾಡಿದ್ರೆ ಇಪ್ಪತ್ತು ನಿಮಿಷ ಆಕ್ಸಿಲರೇಟರ್ ತುಳಿದೇ ಇರಬೇಕು. ಕಾಲು ತೆಗೆದ್ರೆ ಎಣ್ಣೆ ಸಾಲದೆ ಒಳಗೆಲ್ಲ ಸವೆದು ಪುಡಿಯಾಗುತ್ತೆ!"

"ಮುದುಕನಿಗೆ ಹೇಳೋದಲ್ವಾ?"

"ಅವನಿಗೆ ಗೊತ್ತಿಲ್ವಾ? ವೇಡ್‌ಗೆ ಕಲಿಸಿದ್ದೇ ಅವನು! ಬೇಕಂತಲೇ..."

ಕೀ ತಿರುಗಿತು.

ಅಬ್ಬಾ, ಆ ಗುಡುಗು! ಕಾಲ ಕೆಳಗಿನ ಹುಲ್ಲು ನಡುಗಿತು. ವೇಡ್ ಎದ್ದು ಬಂದು ಕೂಗಿದ ಹಾಗಾಯಿತು. ಗಟ್ಟಿ ಗಂಡಸರೆಲ್ಲ ಟೋಪಿ ತೆಗೆದು ಅತ್ತರು. ನನ್ನ ಕಣ್ಣೂ ಒದ್ದೆಯಾಯಿತು. ಸುಳ್ಳೇಕೆ ಹೇಳಲಿ?

ಆಮೇಲೆ ಮುದುಕ ಕಾಲು ತೆಗೆದ.

ಸದ್ದು ಇಳಿಯಿತು. ಗುರ್... ಗುರ್... ಅಲ್ಲಿದ್ದ ಎಲ್ಲರಿಗೂ ಅದರ ಅರ್ಥ ಗೊತ್ತಿತ್ತು. ಒಬ್ಬರೂ ಮುಂದೆ ಹೋಗಲಿಲ್ಲ.

"ತುಳೀರಿ ಯಜಮಾನ್ರೇ! ನಿಮ್ಮ ಕಾಲಿಗೆ ಬೀಳ್ತೀನಿ, ತುಳೀರಿ!"

ಕ್ರಾಸ್ಕೋ ಕೊಸರಾಡುತ್ತಿದ್ದ. ನನ್ನ ಕೈ ಇನ್ನೂ ಅವನನ್ನು ಹಿಡಿದೇ ಇತ್ತು. ಯಾಕೆ ಬಿಡಲಿಲ್ಲವೋ ಇವತ್ತಿಗೂ ಗೊತ್ತಿಲ್ಲ.

ಓರ್ವಿಲ್ ಎರಡೂ ಕೈ ತೊಡೆಯ ಮೇಲಿಟ್ಟು ಕೂತಿದ್ದ. ಒಳಗೆ ಟಿಕ್ ಟಿಕ್ ಶುರುವಾಯಿತು. ಆಮೇಲೆ ಕಟಕಟ. ಆಮೇಲೆ ಕಬ್ಬಿಣ ಕಬ್ಬಿಣವನ್ನು ತಿನ್ನುವ ಸದ್ದು. ಕೊನೆಗೊಮ್ಮೆ ಕೆಮ್ಮಿ ನಿಂತಿತು.

"ಕಟ್ಟಿದವನೇ ಹೋದ ಡಾಲ್ಫ್," ಅಂದ ಮುದುಕ. "ಇದನ್ನ ಇಟ್ಕೊಂಡು ನಾನೇನು ಮಾಡ್ಲಿ? ಅವನ ಜೊತೆ ಇದೂ ಹೋಗ್ಲಿ."

ಕ್ರಾಸ್ಕೋ ನನ್ನ ಕೈಯಿಂದ ಜಾರಿ ಕಾರಿನ ಮುಂದೆ ಕುಸಿದು, ಬಿಸಿ ಬಾನೆಟ್ಟಿಗೆ ಕೆನ್ನೆ ಒತ್ತಿ ಗೊಳೋ ಎಂದು ಅತ್ತ. ಗೆಳೆಯ ಸತ್ತದ್ದು ಅವನಿಗೆ ಆಗಷ್ಟೇ ಗೊತ್ತಾದಂತಿತ್ತು.

ಎಷ್ಟೋ ಕಾರುಗಳನ್ನು ಕಳ್ಳರ ಕೈಯಿಂದ ಬಿಡಿಸಿ ತಂದಿದ್ದೇನೆ ಸ್ವಾಮಿ...

ಕಳ್ಳನ ಕೈಯಲ್ಲೇ ಬಿಟ್ಟು ಬರಬೇಕಾಗಿದ್ದದ್ದು ಅದೊಂದೇ!