ಹಸಿರು ದಾರದ ಪಾತ್ರೆ

"ಆ ರಸ್ಕ್ ಅಲ್ಲೇ ಇಡಿ!"

ಪ್ರಗತಿ ಬೆಚ್ಚಿಬಿದ್ದಳು. ನೈರೋಬಿಯ ಹೈರಿಡ್ಜ್‌ನ ಅಂಗಡಿಯೊಂದರಲ್ಲಿ, ಜುಲೈ ಚಳಿಯ ಭಾನುವಾರ ಮಧ್ಯಾಹ್ನ, ಯಾರೋ ತನ್ನನ್ನು ಕನ್ನಡದಲ್ಲಿ ಗದರಿಸುತ್ತಿದ್ದಾರೆ!

ತಿರುಗಿ ನೋಡಿದಳು. ಎತ್ತರದ ಆಳು, ಕಂದು ಸ್ವೆಟರ್, ಕೈಯಲ್ಲಿ ಈರುಳ್ಳಿ ಚೀಲ. ಮುಖದಲ್ಲಿ ನಾಚಿಕೆಯ ಸುಳಿವೂ ಇಲ್ಲ.

'ಏನ್ರೀ, ಯಾರು ನೀವು?' ಎಂದು ಜೋರಾಗಿ ಕೇಳಬೇಕೆನಿಸಿತು. ಆದರೆ ಬಾಯಿ ಒಂದು ಬೆರಳಿನಷ್ಟೂ ತೆರೆಯಲಿಲ್ಲ. ಎಡಗೆನ್ನೆ ಊದಿಕೊಂಡಿತ್ತು, ಕಣ್ಣಲ್ಲಿ ನೀರು ತುಂಬಿತ್ತು.

"ಹಲ್ಲುನೋವು ಅಂತ ನಿಮ್ಮ ಅಮ್ಮನ ಹತ್ರ ಹೇಳುದು ಕೇಳಿಸ್ತು. ಕದ್ದು ಕೇಳಿದ್ದಲ್ಲ, ನೀವೇ ಸ್ಪೀಕರ್ ಹಾಕಿದ್ರಿ," ಎಂದ ಅವನು. "ಹಲ್ಲುನೋವಿಗೆ ಯಾರಾದ್ರೂ ರಸ್ಕ್ ತಿಂತಾರಾ ಮಾರಾಯ್ರೆ?"

"ಹಾಲಲ್ಲಿ... ಅದ್ದಿ..."

"ಅದ್ದಿದ್ರೂ ಚೂರು ಹೋಗಿ ವಸಡಿನೊಳಗೆ ಕೂರ್ತದೆ. ಸಂಜೆಗೆ ಅಳ್ತೀರಿ."

ಈಗಲೇ ಅಳುತ್ತಿದ್ದೇನಲ್ಲ ಎಂದುಕೊಂಡಳು ಪ್ರಗತಿ. ಅವನು ಅವಳ ಬುಟ್ಟಿಯಿಂದ ರಸ್ಕ್ ತೆಗೆದು ಕಪಾಟಿಗೆ ಸೇರಿಸಿದ. ಬದಲಿಗೆ ಮೊಸರು, ಮಾಗಿದ ಬೆಣ್ಣೆಹಣ್ಣು, ಒಂದು ಪೊಟ್ಟಣ ಕಂದು ಹಿಟ್ಟು ಇಟ್ಟ.

"ಇದು...?"

"ವಿಂಬಿ. ಇಲ್ಲಿಯವರು ಇದರಲ್ಲೇ ಉಜಿ ಮಾಡುದು, ಗಂಜಿ. ನಮ್ಮ ರಾಗಿಯೇ."

ಪ್ರಗತಿಗೆ ನೋವಿನಲ್ಲೂ ನಗು ಬಂತು. ಎರಡು ವರ್ಷದಿಂದ ಮೈಸೂರಿನಿಂದ ಸೂಟ್‌ಕೇಸಿನಲ್ಲಿ ರಾಗಿಹಿಟ್ಟು ಹೊತ್ತು ತಂದ ಮಹಾತಾಯಿ ಇವಳು! ಮನೆಯಿಂದ ನೂರು ಹೆಜ್ಜೆಯಲ್ಲಿ ಅದು ಸಿಗುತ್ತದೆಂದು ಯಾರೂ ಹೇಳಿರಲಿಲ್ಲ. ಕೇಳಲು ಯಾರಿದ್ದರು?

"ನೀವು ಮೂರನೇ ಮಾಳಿಗೆಯವರಲ್ವಾ? ನಾನು ಅದೇ ಬಿಲ್ಡಿಂಗ್, ಒಂದನೇ ಮಾಳಿಗೆ. ಫ್ಲೋಯ್ಡ್. ಅಮ್ಮನೊಟ್ಟಿಗೆ ಇರುದು."

ಒಂದೇ ಕಟ್ಟಡದಲ್ಲಿ ಎರಡು ವರ್ಷ. ಒಮ್ಮೆಯೂ ಈ ಮುಖ ನೋಡಿದ ನೆನಪಿಲ್ಲ. ಅಷ್ಟು ದಣಿದು ಬರುತ್ತಿದ್ದಳು ನಮ್ಮ ಪ್ರಗತಿ. ಬೆಳಿಗ್ಗೆ ಟೆಲಿಕಾಂ ಕಂಪನಿಯ ಕ್ಯಾಬ್, ಸಂಜೆ ಮತ್ತೆ ಕ್ಯಾಬ್, ಮನೆಗೆ ಬಂದರೆ ಬ್ರೆಡ್ಡು. ಮೂವತ್ತಮೂರರ ಮಗಳ ಹತ್ತಿರ ಮದುವೆಯ ಮಾತೆತ್ತುವುದನ್ನು ಅಮ್ಮ ಭಾನುಮತಿ ಕೂಡ ಬಿಟ್ಟಿದ್ದರು. ಕಂಪನಿ ಬೆಂಗಳೂರಿನಿಂದ ಕಳಿಸಿದ ಅವಧಿ ಮುಗಿಯುತ್ತಿತ್ತು. ಇನ್ನೆರಡು ವರ್ಷ ಇರುತ್ತೀರೋ, ವಾಪಸ್ ಹೋಗುತ್ತೀರೋ ಎಂದು ಮೇಲ್ ಬಂದಿತ್ತು. ಉತ್ತರಕ್ಕೆ ನಾಳೆಯಲ್ಲ, ಅದರಾಚೆಯ ಸೋಮವಾರ ಕೊನೆಯ ದಿನ.

ಅಲ್ಲಿಯೂ ಯಾರೂ ಕಾಯುತ್ತಿಲ್ಲ. ಇಲ್ಲಿಯೂ ಯಾರೂ ತಡೆಯುವುದಿಲ್ಲ... ಹೋಗಿಬಿಡೋಣ ಎಂದೇ ಅವಳ ಲೆಕ್ಕ; ಗೇಟಿನ ಕಾವಲುಗಾರನಿಗೂ ಹಾಗೆಂದೇ ಹೇಳಿದ್ದಳು.

*

ಸೋಮವಾರ ದಂತವೈದ್ಯೆ ನೋಡಿ ತಲೆಯಾಡಿಸಿದರು. ಬುದ್ಧಿಹಲ್ಲಿನ ಬುಡದಲ್ಲಿ ಕೀವು. ಮೊದಲು ಮಾತ್ರೆ, ಊತ ಇಳಿದ ಮೇಲೆ ಹಲ್ಲು ತೆಗೆಯುವುದು. ಅಲ್ಲಿಯವರೆಗೆ ಅಗಿಯುವುದೇನೂ ಬೇಡ. ಬಿಸಿ ಬೇಡ, ತಣ್ಣಗಿನದು ಬೇಡ, ಖಾರ ಬೇಡ, ಹುಳಿ ಬೇಡ.

"ಮತ್ತೆ ಏನು ತಿನ್ನಲಿ?" ಎಂದು ಅವಳು ಫೋನಿನಲ್ಲಿ ಟೈಪ್ ಮಾಡಿ ತೋರಿಸಿದಳು. ವೈದ್ಯೆ ನಕ್ಕು, ಮನೆಯಲ್ಲಿ ಯಾರಾದರೂ ಮೆತ್ತಗೆ ಮಾಡಿಕೊಡುತ್ತಾರಲ್ಲ ಎಂದರು.

ಮನೆಯಲ್ಲಿ ಯಾರಾದರೂ! ಪ್ರಗತಿ ಕ್ಯಾಬಿನಲ್ಲಿ ಕಿಟಕಿಗೆ ತಲೆಯಾನಿಸಿ ಅತ್ತಳು. ಹಲ್ಲಿಗಾಗಿ ಅಲ್ಲ.

ಮನೆಗೆ ಬಂದರೆ ಬಾಗಿಲ ಹಿಡಿಗೆ ಒಂದು ಬಟ್ಟೆ ಚೀಲ. ಒಳಗೆ ಸ್ಟೀಲ್ ಡಬ್ಬಿ. ಕುಚ್ಚಲಕ್ಕಿಯ ಗಂಜಿ, ಅನ್ನದ ಅಗುಳೂ ಉಳಿಯದಂತೆ ಕಡೆದದ್ದು, ಮೇಲೆ ಒಂದು ಚಮಚ ತುಪ್ಪ. ಜೊತೆಗೊಂದು ಚೀಟಿ: "ಉಗುರುಬೆಚ್ಚಗೆ ಉಂಟು. ಮತ್ತೆ ಬಿಸಿ ಮಾಡಬೇಡಿ. ಬಲಗಡೆಯಿಂದ ಕುಡಿಯಿರಿ."

ಕುಡಿದಳು. ಎರಡು ದಿನದ ನಂತರ ಹೊಟ್ಟೆ ತುಂಬಿತು. ಡಬ್ಬಿ ಹಿಡಿದುಕೊಂಡೇ ಸೋಫಾದಲ್ಲಿ ನಿದ್ದೆ ಹೋದಳು.

ಆಮೇಲೆ ದಿನವೂ ಬಂತು ಡಬ್ಬಿ. ಬೆಳಿಗ್ಗೆ ಒಂದು, ಸಂಜೆ ಒಂದು. ಹಾಲಿನಲ್ಲಿ ಬೇಯಿಸಿದ ರವೆ. ಸಿಹಿಗುಂಬಳದ ತಿಳಿ ಸಾರು. ಹಿಸುಕಿದ ಮೊಸರನ್ನ, ಒಗ್ಗರಣೆಯ ಸಾಸಿವೆಯನ್ನು ಸೋಸಿ ತೆಗೆದದ್ದು.

"ಸಾಸಿವೆ ಯಾಕೆ ತೆಗೆದ್ರಿ?" ಎಂದು ಬುಧವಾರ ಬಾಗಿಲಲ್ಲಿ ಕೇಳಿದಳು. ಬಾಯಿ ಸ್ವಲ್ಪ ತೆರೆಯುತ್ತಿತ್ತು.

"ಒಂದು ಕಾಳು ಸಿಕ್ಕಿಬಿದ್ರೆ ಸಾಕು. ಅಮ್ಮನಿಗೆ ಹಲ್ಲೆಲ್ಲ ಹೋಗಿ ಆರು ವರ್ಷ ಆಯ್ತು. ನಂಗೆ ಗೊತ್ತುಂಟು."

"ಕೆಲಸಕ್ಕೆ ಹೋಗೋ ಮೊದ್ಲು ಇದೆಲ್ಲಾ ಮಾಡ್ತೀರಾ?"

"ಏರ್‌ಪೋರ್ಟ್ ಹತ್ರ ಹೂವಿನ ಗೋದಾಮುಗಳಲ್ಲಿ ಕೂಲಿಂಗ್ ಮೆಷಿನ್ ರಿಪೇರಿ ಮಾಡುದು ನಾನು. ದಿನವಿಡೀ ಐಸಿನಲ್ಲಿ ನಿಂತಿರ್ತೇನೆ. ಬೆಳಿಗ್ಗೆ ಒಲೆ ಮುಂದೆ ನಿಂತ್ರೆ ಖುಷಿಯೇ."

ಅವನ ಕಣ್ಣಿನ ಕೆಳಗೆ ಕಪ್ಪು ಇತ್ತು. ಖುಷಿ ಎಂದವನ ಮುಖ ಅವಳಷ್ಟೇ ದಣಿದಿತ್ತು. ಡಬ್ಬಿ ಕೈಗೆ ತೆಗೆದುಕೊಂಡಾಗ ಪ್ರಗತಿಯ ಎದೆ ಹಗುರವಾಯಿತು. 'ಇವನು ನಾಳೆಯೂ ಬರಲಿ ದೇವರೇ,' ಎಂದುಕೊಂಡಳು. ಊತ ಇಳಿಯದಿದ್ದರೂ ಪರವಾಗಿಲ್ಲ ಎಂದೂ ಅನಿಸಿತು. ಹುಚ್ಚಿ!

*

ಶುಕ್ರವಾರ ಸಂಜೆ ಅಮ್ಮನ ಫೋನ್ ಬಂತು. ಕೆನ್ನೆಗೆ ಫೋನ್ ಒತ್ತಲಾಗದು, ಹಾಗಾಗಿ ಸ್ಪೀಕರ್. "ಒಳಗೆ ಬನ್ನಿ" ಎಂದು ಕೂಗಲಾಗದು, ಹಾಗಾಗಿ ಫ್ಲೋಯ್ಡ್ ಬರುವ ಹೊತ್ತಿಗೆ ಬಾಗಿಲು ಓರೆ. ಈ ಎರಡು ಸಣ್ಣ ಸಂಗತಿಗಳೇ ಮುಂದಿನದಕ್ಕೆಲ್ಲ ಕಾರಣ.

"ಮೀನು ಮಾಡೋ ಮನೆ ಕಣೇ ಅದು," ಎನ್ನುತ್ತಿದ್ದರು ಮಗಳಿಂದಲೇ ಡಬ್ಬಿಯ ವಿಷಯ ತಿಳಿದಿದ್ದ ಭಾನುಮತಿ. "ಅದೇ ಪಾತ್ರೆ, ಅದೇ ಸೌಟು. ನಮ್ಮನೇಲಿ ಯಾರಾದ್ರೂ ಅಂಥಾ ಮನೆ ಗಂಜಿ ಕುಡಿದಿದ್ದಾರಾ? ಉಪವಾಸ ಇದ್ರೂ ಪರ್ವಾಗಿಲ್ಲ ಅಂತ ನನಗನ್ಸತ್ತೆ. ಏನೇ, ಕೇಳ್ತಿದ್ಯಾ?"

ಪ್ರಗತಿ ಉತ್ತರಿಸಲಿಲ್ಲ.

ಹಾಗಲ್ಲ ಅಮ್ಮ ಎನ್ನಬೇಕಿತ್ತು. ಆದರೆ ಒಂದು ಮಾತಾಡಿದರೆ ಅಮ್ಮ ಹತ್ತು ಆಡುತ್ತಾರೆ. ದವಡೆ ಸಿಡಿಯುತ್ತಿತ್ತು, ತಲೆ ಸುತ್ತುತ್ತಿತ್ತು. ನಾಳೆ ಹೇಳಿದರಾಯಿತು ಎಂದುಕೊಂಡು ಸೋಫಾಕ್ಕೆ ತಲೆಯೊರಗಿಸಿದಳು.

ಓರೆ ಬಾಗಿಲಾಚೆ ಡಬ್ಬಿ ಹಿಡಿದು ನಿಂತಿದ್ದ ಫ್ಲೋಯ್ಡ್ ಒಂದು ನಿಮಿಷ ಕಾದ. ಅವಳು ಏನಾದರೂ ಹೇಳಲಿ ಎಂದು ಕಾದ. ಅವಳು ಹೇಳಲಿಲ್ಲ. ಸದ್ದಿಲ್ಲದೆ ಡಬ್ಬಿಯನ್ನು ಹಿಡಿಗೆ ನೇತುಹಾಕಿ ಇಳಿದುಹೋದ.

ಏಳು ಗಂಟೆಗೆ ಕ್ಲಿನಿಕ್ಕಿನಿಂದ ಕರೆ: ನಾಳೆ ಬೆಳಿಗ್ಗೆ ಎಂಟಕ್ಕೆ ಜಾಗ ಖಾಲಿಯಾಗಿದೆ, ಬಂದುಬಿಡಿ, ನಿದ್ದೆ ಬರಿಸಿ ತೆಗೆಯುತ್ತೇವೆ, ಬೆಳಿಗ್ಗೆ ಏನನ್ನೂ ತಿನ್ನಬೇಡಿ.

ಇನ್ನೊಬ್ಬನಾಗಿದ್ದರೆ ಶನಿವಾರ ಗಂಜಿ ಮಾಡುತ್ತಿರಲಿಲ್ಲ. ಫ್ಲೋಯ್ಡ್ ಮಾಡಿದ. ಅವಳ ಅಮ್ಮ ಹೇಳಿದ್ದು ಅಮ್ಮನ ಮಾತು, ಅವಳದಲ್ಲ ಎಂದು ರಾತ್ರಿಯಿಡೀ ಮನಸ್ಸಿಗೆ ಹೇಳಿಕೊಂಡಿದ್ದ. ನಸುಕಿನಲ್ಲೇ ಡಬ್ಬಿಯಿಟ್ಟು ಬಂದ.

ಪ್ರಗತಿ ಹೊರಡುವಾಗ ಅದನ್ನು ನೋಡಿದಳು. ಕ್ಯಾಬ್ ಕೆಳಗೆ ಹಾರ್ನ್ ಹೊಡೆಯುತ್ತಿತ್ತು. ಅಯ್ಯೋ, ಕೆಡುತ್ತಲ್ಲ... ಗೇಟಿನಲ್ಲಿದ್ದ ಕಾವಲುಗಾರ ಮ್ವಾಂಗಿಯ ಕೈಗೆ ಡಬ್ಬಿ ಕೊಟ್ಟು, ಒಂದನೇ ಮಾಳಿಗೆಯತ್ತ ಬೆರಳು ತೋರಿಸಿ, "ಅಸಾಂಟೆ," ಎಂದು ಥ್ಯಾಂಕ್ಸ್ ಹೇಳಿ ಕಾರು ಹತ್ತಿದಳು. ಆಮೇಲೆ ಮೆಸೇಜ್ ಮಾಡೋಣ ಎಂದುಕೊಂಡಳು. ಆ ಆಮೇಲೆ ಬರಲಿಲ್ಲ. ಹಲ್ಲು ಹೋಯಿತು, ದಿನವೆಲ್ಲ ಮಂಪರು.

ತುಂಬಿದ ಡಬ್ಬಿ, ಮುಚ್ಚಳ ಕೂಡ ತೆಗೆಯದ ಡಬ್ಬಿ, ಫ್ಲೋಯ್ಡ್‌ನ ಕೈಗೆ ವಾಪಸ್ ಬಂದಿತ್ತು.

*

ಭಾನುವಾರ ಡಬ್ಬಿ ಬರಲಿಲ್ಲ. ಸಂಜೆಯೂ ಇಲ್ಲ.

ಪ್ರಗತಿ ಮೂರು ಸಲ ಬಾಗಿಲು ತೆಗೆದು ನೋಡಿದಳು. ಹೇಗಿದ್ದೀರಿ ಎಂಬ ಮೆಸೇಜೂ ಇಲ್ಲ! 'ಪಾಪ ಅಂತ ಕೊಟ್ಟ, ಸಾಕು ಅಂತ ನಿಲ್ಲಿಸಿದ. ನಾನೇ ಏನೇನೋ ಅಂದ್ಕೊಂಡೆ...'

ಲ್ಯಾಪ್‌ಟಾಪ್ ತೆರೆದು ವಾಪಸ್ ಬರುತ್ತೇನೆ ಎಂದು ಬರೆದಳು. ಕಳಿಸಲು ಬೆರಳು ಏಳಲಿಲ್ಲ. ನಾಳೆಯವರೆಗೆ ಸಮಯವಿದೆಯಲ್ಲ.

ಸೋಮವಾರ ಸಂಜೆ ಅಡುಗೆಮನೆಯಲ್ಲಿ ಶುಕ್ರವಾರದ ಡಬ್ಬಿ ಕಣ್ಣಿಗೆ ಬಿತ್ತು. ಹೋಗುವ ಮೊದಲು ಕೊಡಬೇಕು. ಬರೀ ಡಬ್ಬಿ ಕೊಡುವ ಪದ್ಧತಿ ಅವಳ ಮನೆಯಲ್ಲಿಲ್ಲ, ಒಂದು ಚಿಟಿಕೆ ಸಕ್ಕರೆಯಾದರೂ ಹಾಕಬೇಕು. ಸಕ್ಕರೆ ಮುಗಿದಿತ್ತು. ಇದ್ದದ್ದು ಅವನೇ ಬುಟ್ಟಿಗೆ ಹಾಕಿದ್ದ ವಿಂಬಿ ಹಿಟ್ಟು.

ಗಂಜಿ ಮಾಡಿದಳು. ಗಂಟುಗಂಟಾಯಿತು. ಎರಡು ವರ್ಷ ಹೆಚ್ಚಾಗಿ ಬ್ರೆಡ್ಡೇ ತಿಂದವರ ಕೈಯಡುಗೆ ಇನ್ನು ಹೇಗಿರುತ್ತದೆ?

ಬಾಗಿಲು ತೆಗೆದದ್ದು ಫ್ಲೋಯ್ಡ್‌ನ ಅಮ್ಮ, ಸೆಲಿನ್. ಮನೆಯೊಳಗಿಂದ ಮೀನುಸಾರಿನ ವಾಸನೆ.

"ಅವ ಇನ್ನೂ ಬರ್ಲಿಲ್ಲ. ಒಳಗೆ ಬಾ ಮಗಾ. ಹಲ್ಲು ಹೇಗುಂಟು?"

"ತೆಗೆದುಬಿಟ್ರು ಆಂಟಿ. ಶನಿವಾರ ಬೆಳಿಗ್ಗೆ. ಏನೂ ತಿನ್ನದೆ ಬನ್ನಿ ಅಂದಿದ್ರು..."

ಸೆಲಿನ್ ಅವಳ ಮುಖವನ್ನೇ ನೋಡಿದರು. "ಅದಕ್ಕಾ ನೀನು ಗಂಜಿ ವಾಪಸ್ ಕಳಿಸಿದ್ದು?"

"ಹೌದು. ಮತ್ತೆ ಯಾಕೆ ಅಂದ್ಕೊಂಡ್ರಿ?"

ಸೆಲಿನ್ ಉತ್ತರಿಸದೆ ಅಡುಗೆಮನೆಯ ಮೇಲಿನ ಕಪಾಟು ತೋರಿಸಿದರು. ಅಲ್ಲೊಂದು ಹೊಸ ಪಾತ್ರೆ, ಒಂದು ಸೌಟು, ಒಂದು ಕಡೆಗೋಲು. ಮೂರರ ಹಿಡಿಗೂ ಹಸಿರು ದಾರ ಕಟ್ಟಿತ್ತು.

"ನಿಂಗಾಗಿ ತಂದದ್ದು, ಮೊದಲ ದಿವಸವೇ. ನಿನ್ನ ಮಾತು ಕೇಳಿಯೇ ಮೀನು ತಿನ್ನದವರ ಮನೆಯವಳು ಅಂತ ಗೊತ್ತಾಯ್ತಂತೆ. ಮೀನಿನ ಸೌಟು ತಪ್ಪಿಯೂ ತಾಗಬಾರ್ದು ಅಂತ ನಂಗೆ ಅದನ್ನು ಮುಟ್ಲಿಕ್ಕೂ ಬಿಡ್ಲಿಲ್ಲ ಅವ. ಶುಕ್ರವಾರ ನಿನ್ನ ಅಮ್ಮ ಹೇಳಿದ್ದು ಕೇಳಿಸಿಕೊಂಡು ಬಂದ. ನೀನು ಸುಮ್ಮನಿದ್ದದ್ದೂ ಕೇಳಿಸ್ತು ಅವನಿಗೆ."

ಪ್ರಗತಿ ಕೈ ಚಾಚಿ ಆ ಹಸಿರು ದಾರ ಮುಟ್ಟಿದಳು.

"ಮೈಸೂರಿನಲ್ಲಿ ಓದುವಾಗ ಒಬ್ಬ ಗೆಳೆಯನ ಮನೆಯಲ್ಲಿ ಇವನಿಗೆ ನಲ್ಲಿ ಹತ್ರ ಬೇರೆ ಲೋಟ ಇಟ್ಟಿದ್ರು. ಅದನ್ನು ಅವ ಇನ್ನೂ ಮರೀಲಿಲ್ಲ, ಮಗಾ."

ಬಾಗಿಲ ಬೀಗ ತಿರುಗಿತು. ಫ್ಲೋಯ್ಡ್ ಒಳಗೆ ಬಂದ. ಅವಳನ್ನು ಕಂಡು ಅಲ್ಲೇ ನಿಂತ. ಸೆಲಿನ್ ಜಪಮಾಲೆ ಹುಡುಕುವ ನೆಪದಲ್ಲಿ ಕೋಣೆ ಸೇರಿ ಬಾಗಿಲೆಳೆದುಕೊಂಡರು.

"ಡಬ್ಬಿ ಕೊಡ್ಲಿಕ್ಕೆ ಬಂದ್ರಾ? ಮ್ವಾಂಗಿ ಕೈಯಲ್ಲಿ ಕಳಿಸಿದ್ರೆ ಆಗ್ತಿತ್ತು."

"ಶನಿವಾರ ನನ್ನ ಹಲ್ಲು ತೆಗೆದ್ರು. ತಿನ್ನಬಾರ್ದು ಅಂದಿದ್ರು. ಅದಕ್ಕೆ ವಾಪಸ್ ಕಳಿಸಿದೆ. ಅಷ್ಟೇ ಫ್ಲೋಯ್ಡ್, ದೇವರಾಣೆ!"

ಅವನ ಹೆಗಲು ಸ್ವಲ್ಪ ಇಳಿಯಿತು. ಆದರೂ ಮುಖ ಬಿಗಿದೇ ಇತ್ತು. "ಮತ್ತೆ ಶುಕ್ರವಾರ?"

"ಶುಕ್ರವಾರ... ನನ್ನದೇ ತಪ್ಪು." ಅವಳ ಕಣ್ಣು ತುಂಬಿತು. "ಬಾಯಿ ನೋಯ್ತಿತ್ತು ಅನ್ನೋದು ನೆಪ. ಸುಸ್ತಾಗಿತ್ತು ನನಗೆ. ಅಮ್ಮನ ಜೊತೆ ಜಗಳ ಆಡೋಕೂ ಸುಸ್ತು. ಸುಮ್ನೆ ಇದ್ಬಿಟ್ರೆ ಯಾರಿಗೂ ಏನೂ ಆಗಲ್ಲ ಅಂದ್ಕೊಂಡೆ. ನಿಮಗೆ ಆಯ್ತು."

ಅವಳು ಫೋನ್ ತೆಗೆದಳು. ಕರೆ ಹಚ್ಚಿದಳು. ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟಳು.

"ಅಮ್ಮ, ನಾನು ಫ್ಲೋಯ್ಡ್ ಮನೇಲಿದೀನಿ. ಅವರು ಮಾಡಿಕೊಟ್ಟ ಗಂಜಿ ಕುಡಿದೇ ನಾನು ಆ ವಾರ ಬದುಕಿದ್ದು. ಇನ್ಮುಂದೆಯೂ ಕುಡೀತೀನಿ. ಅವತ್ತೇ ಹೇಳ್ಬೇಕಿತ್ತು."

ಆ ಕಡೆಯಿಂದ ಭಾನುಮತಿಯ ದನಿ, ಮೊದಲಿನ ಜೋರಿಲ್ಲದ ದನಿ: "...ಊತ ಇಳೀತೇನೇ?"

"ಇಳೀತಮ್ಮ."

"ಸರಿ. ಬೆಳಿಗ್ಗೆ ಮಾತಾಡೋಣ," ಎಂದು ಅವರು ಫೋನ್ ಇಟ್ಟರು. ಒಪ್ಪಿಗೆಯಲ್ಲ ಅದು. ಆದರೆ ಬೈಗುಳವೂ ಅಲ್ಲ.

ಫ್ಲೋಯ್ಡ್ ಕುರ್ಚಿಯಲ್ಲಿ ಕುಸಿದು ಕುಳಿತ. ಕೈಗಳು ಗೋದಾಮಿನ ಚಳಿಗೆ ಇನ್ನೂ ಕೆಂಪಾಗಿದ್ದವು.

"ಇಷ್ಟೆಲ್ಲ ಯಾಕೆ ಮಾಡಿದ್ರಿ ನೀವು? ಊರಿಗೆ ಹೋಗುವವರಲ್ವಾ? ಮ್ವಾಂಗಿ ಹೇಳಿದ, ಮೇಡಂ ಮನೆ ಖಾಲಿ ಮಾಡ್ತಾರೆ ಅಂತ."

"ನೀವು ಯಾಕೆ ಹಸಿರು ದಾರ ಕಟ್ಟಿದ್ರಿ?"

ಅವನು ತಲೆ ತಗ್ಗಿಸಿದ. "ನಿಮಗೆ ಗುಣ ಆದ್ಮೇಲೂ ಡಬ್ಬಿ ತರ್ಲಿಕ್ಕೆ ಏನು ನೆಪ ಹೇಳುದು ಅಂತ ಯೋಚಿಸ್ತಾ ಇದ್ದೆ. ಅಷ್ಟು ಇಷ್ಟ ಆಗಿದ್ರಿ ನಂಗೆ. ಸಾಕಾ?"

ಸಾಕಾಗಿ ಮಿಕ್ಕಿತು! ಪ್ರಗತಿ ಅಳುತ್ತಲೇ ನಕ್ಕಳು. ನಕ್ಕರೆ ಹೊಲಿಗೆ ಎಳೆಯಿತು, ಕೆನ್ನೆ ಹಿಡಿದುಕೊಂಡಳು.

"ಇನ್ನು ಡಬ್ಬಿ ಮೇಲೆ ತರಬೇಡಿ," ಎಂದಳು.

ಅವನ ಮುಖ ಬಾಡಿತು.

"ನಾನೇ ಕೆಳಗೆ ಬರ್ತೀನಿ. ಆ ಪಾತ್ರೆ ಇಲ್ಲೇ ಇರ್ಲಿ, ದಾರನೂ ಇರ್ಲಿ. ನೀವು ನಿಮ್ಮ ಮೀನು ತಿನ್ನಿ, ನಾನು ಪಕ್ಕದಲ್ಲಿ ಕೂತು ನನ್ನ ಗಂಜಿ ಕುಡೀತೀನಿ."

"ಎಷ್ಟು ದಿವಸ?"

"ಕಂಪನಿ ಎರಡು ವರ್ಷ ಅಂತ ಕೇಳಿದೆ. ಇವತ್ತೇ ಉತ್ತರ ಕೊಡ್ಬೇಕು. ಏನಂತ ಬರೀಲಿ?"

ಫ್ಲೋಯ್ಡ್ ಕೆಂಪಾದ ಕೈಗಳನ್ನು ಉಜ್ಜಿಕೊಂಡ. ಅಂಗಡಿಯಲ್ಲಿ ಗದರಿಸಿದವನ ದನಿ ಈಗ ಮೆತ್ತಗಿತ್ತು.

"ಸದ್ಯಕ್ಕೆ ಎರಡು ವರ್ಷ ಅಂತ ಬರೀರಿ," ಎಂದ. "ಮತ್ತಿನದ್ದು ನಾನು ಕೇಳ್ತೇನೆ. ಕಂಪನಿಯನ್ನಲ್ಲ, ನಿಮ್ಮನ್ನು."

ಅವಳು ಅವನ ತಣ್ಣನೆಯ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದಳು. ಆಗ ಒಂದು ಸಂಗತಿ ಹೊಳೆಯಿತು. ಒಂದು ವಾರದಿಂದ ಇವನು ತನ್ನ ಊಟ ವಿಚಾರಿಸುತ್ತಲೇ ಇದ್ದ. ತಾನು ಒಮ್ಮೆಯೂ ಕೇಳಿರಲಿಲ್ಲ.

"ಫ್ಲೋಯ್ಡ್... ನಿಮ್ಮ ಊಟ ಆಯ್ತಾ?"

ಅವನು ಅವಳನ್ನೇ ನೋಡಿದ. ಆ ದಣಿದ ಕಣ್ಣುಗಳಲ್ಲಿ ನೀರಾಡಿತು. "ಇಲ್ಲ. ಮಧ್ಯಾಹ್ನದ್ದೂ ಆಗ್ಲಿಲ್ಲ."

ಪ್ರಗತಿ ಡಬ್ಬಿಯ ಮುಚ್ಚಳ ತೆಗೆದು ಅವನ ಮುಂದಿಟ್ಟಳು. ಅವನು ಒಂದು ಚಮಚ ಬಾಯಿಗಿಟ್ಟು, ನಿಧಾನವಾಗಿ ಅಗಿದ. ಹೌದು, ಗಂಜಿಯನ್ನು ಅಗಿದ.

"ಗಂಟುಗಂಟಾಗಿದೆ ಅಲ್ವಾ?"

"ನಂಗೆ ಹಲ್ಲುಂಟಲ್ಲ," ಎಂದ ಫ್ಲೋಯ್ಡ್, ಎರಡನೇ ಚಮಚ ತುಂಬಿಕೊಳ್ಳುತ್ತಾ.