ಬೂರುಗದ ಅರಳೆಯ ಗಾದಿ

"ಬಂತಪಾ, ಇನ್ನೊಂದು ತಲಿನೋವು," ಎಂದು ಯೂನುಸ ಕನ್ನಡದಲ್ಲಿ ಗೊಣಗಿದ. ಮರುಕ್ಷಣವೇ ನನ್ನತ್ತ ತಿರುಗಿ ಹಿಂದಿಯಲ್ಲಿ, "ಆಯಿಯೆ ಮೇಡಮ್, ಮುನ್ಸಿಪಾಲ್ಟಿ ಸೇ?" ಎಂದ.

"ತಲಿನೋವು ಮುನ್ಸಿಪಾಲ್ಟಿದಲ್ರಿ, ಇಲ್ಲೇ ಹಿಂದಿನ ಚಾಳಿನ ಮನಿದು," ಎಂದೆ.

ಅವನ ಕೈಯ ಸ್ಪ್ಯಾನರ್ ಅರ್ಧದಲ್ಲೇ ನಿಂತಿತು. ಮೊದಲು ಕಿವಿಯ ತುದಿಗಳು ಕೆಂಪಾದವು, ಆಮೇಲೆ ಮುಖ. ನಾನು ರಸಾಯನಶಾಸ್ತ್ರ ಓದಿದವಳು. ಬಣ್ಣ ಬದಲಾಗುವ ಕ್ರಮವನ್ನು ಗಮನಿಸುವುದು ನನಗೆ ಅಭ್ಯಾಸ.

ಗೋರೆಗಾಂವ್‌ನ ನಮ್ಮ ಗಲ್ಲಿಗೆ ಅವನ ಬೈಕ್ ಗ್ಯಾರೇಜು ಹೊಸದು. ಅಲ್ಲಿಂದ ಸೋರುತ್ತಿದ್ದ ಹಳೆಯ ಇಂಜಿನ್ ಆಯಿಲ್ ಮೋರಿಯ ಮೂಲಕ ನಾಲೆಗೆ, ನಾಲೆಯಿಂದ ಸಮುದ್ರದ ಖಾಡಿಗೆ ಹೋಗುತ್ತಿತ್ತು. ಜಗಳಕ್ಕೆಂದು ಹೋದ ನಾನು ಕೈಯಲ್ಲಿ ಒಂದು ತಲೆದಿಂಬನ್ನು ಹಿಡಿದಿದ್ದೆ.

"ಇದನ್ನ ಮೋರಿ ಬಾಯಿಗೆ ಇಡ್ರಿ."

"ಯಾಕ್ರಿ, ಮೋರಿ ಮಲಗತೈತೇನು?"

"ಇದರಾಗ ಬೂರುಗದ ಅರಳಿ ಐತಿ. ಎಳಿ ಒಳಗ ಟೊಳ್ಳು, ಹೊರಗ ಮೇಣ. ನೀರು ಕುಡಿಯಂಗಿಲ್ಲ, ಎಣ್ಣಿ ಬಿಡಂಗಿಲ್ಲ."

ಸಂಜೆಯ ಹೊತ್ತಿಗೆ ದಿಂಬು ಕಪ್ಪಾಗಿತ್ತು. ಅದರಾಚೆಯ ನೀರಿನ ಮೇಲೆ ಎಣ್ಣೆಯ ಪದರವಿರಲಿಲ್ಲ. ಯೂನುಸ ಕುಕ್ಕರಗಾಲಿನಲ್ಲಿ ಕುಳಿತು ನೀರನ್ನು ನೋಡಿದ. ಅನಂತರ ನನ್ನನ್ನು ನೋಡಿದ, ಅಗತ್ಯಕ್ಕಿಂತ ತುಸು ಹೆಚ್ಚು ಹೊತ್ತು.

ಗ್ರಾಂಟ್ ರೋಡಿನಲ್ಲಿರುವ ಅಬ್ಬಾನ ಗಾದಿ ಅಂಗಡಿಯಲ್ಲಿ ಉಳಿದ ಅರಳೆಯಿಂದ ನಾನು ದಿಂಬುಗಳನ್ನು ಹೊಲಿಯುತ್ತಿದ್ದೆ. ನೆನೆದವುಗಳನ್ನು ಯೂನುಸ ಡಬ್ಬದಲ್ಲಿ ಮುಚ್ಚಿಟ್ಟು, ಹಳೆಯ ಆಯಿಲ್ ಒಯ್ಯುವವರಿಗೆ ಒಪ್ಪಿಸುತ್ತಿದ್ದ. ದಿಂಬು ಬದಲಾಯಿಸುವ ನೆಪದಲ್ಲಿ ನಾವು ಊರ ಕಡೆಯ ಬಾಗಲಕೋಟೆಯ ಬಿಸಿಲು, ಲೋಕಲ್ ರೈಲಿನ ನೂಕುನುಗ್ಗಲು ಎಲ್ಲವನ್ನೂ ಮಾತಾಡಿದೆವು. ಚಾಳಿಗೆಲ್ಲ, ಅವನಿಗೂ, ಗೊತ್ತಿದ್ದರೂ ಮಾತಾಡದೆ ಉಳಿದದ್ದು ಒಂದೇ, ನನ್ನ ಮದುವೆ.

ವಿಜಾಪುರದ ಫುಪ್ಪಿಯ, ಅಂದರೆ ಸೋದರತ್ತೆಯ, ಮಗ ಮುಜಾಹಿದನಿಗೆ ನನ್ನನ್ನು ಕೊಡುವುದಾಗಿ ಅಬ್ಬಾ ತನ್ನ ತಂಗಿಗೆ ಮಾತು ಕೊಟ್ಟಿದ್ದ. ಭುಜದ ನೋವಿನಿಂದ ಹೊಲಿಗೆಯನ್ನೇ ಬಿಟ್ಟಿದ್ದ ಅಬ್ಬಾ, ನನ್ನ ಮದುವೆಯ ಗಾದಿಯನ್ನು ಮಾತ್ರ ತಾನೇ ಕೂತು ಹೊಲಿದ. ಮನೆಗೆ ತಂದಾಗ ಅದು ನಮ್ಮ ಒಂದೇ ಖೋಲಿಯ ಮನೆಯನ್ನು ತುಂಬಿತು. ಬಾಗಿಲು ಅರ್ಧ ಮಾತ್ರ ತೆರೆಯುತ್ತಿತ್ತು. ನಾನು ಗೋಡೆಗೆ ಒರಗಿ, ಅಡ್ಡವಾಗಿ ನಡೆಯಬೇಕಿತ್ತು. ಅಬ್ಬಾ ಗದರಿಸಿದ್ದರೆ ಎದುರಾಡಬಹುದಿತ್ತು. ಆತ ದಿನವೂ ಗಾದಿಯ ಮೇಲೆ ಅಂಗೈ ಸವರಿ, "ಮೆತ್ತಗ ಐತಿಲ್ಲ ಬೇಟಿ?" ಎನ್ನುತ್ತಿದ್ದ. ನಾನು "ಹೂಂ" ಎನ್ನುತ್ತಿದ್ದೆ. ಪ್ರತಿ "ಹೂಂ"ಗೂ ಖೋಲಿ ಇನ್ನಷ್ಟು ಕಿರಿದಾಗುತ್ತಿತ್ತು.

ಜುಲೈನ ಒಂದು ಮಧ್ಯಾಹ್ನ ಮಳೆನೀರು ಗ್ಯಾರೇಜಿಗೆ ನುಗ್ಗಿ ಆಯಿಲ್ ಡ್ರಮ್ ಉರುಳಿತು. ಇದ್ದ ದಿಂಬುಗಳೆಲ್ಲ ಕ್ಷಣದಲ್ಲಿ ನೆನೆದುಹೋದವು. ಕಪ್ಪು ಪದರ ನಾಲೆಯ ಕಡೆಗೆ ಸರಿಯುತ್ತಿತ್ತು.

ನಾನು ಮನೆಗೆ ಓಡಿದೆ. ಗಾದಿಯನ್ನು ಎಳೆದುಕೊಂಡು ಬಂದಾಗ ಯೂನುಸ ಅಡ್ಡ ನಿಂತ.

"ಹುಚ್ಚಿಡದೈತೇನ್ರಿ? ಮದುವಿ ಗಾದಿ ಅದು!"

"ಹಿಡೀರಿ ಆ ಕಡಿ."

"ಆಮ್ಯಾಲೆ ಅಳಾಕ ಕುಂದ್ರತೀರಿ."

"ನನ್ನ ಮಾರಿ ನೋಡ್ರಿ. ಅಳೋ ಹಂಗ ಕಾಣ್ತದೇನು?"

ಅವನು ನೋಡಿದ. ಮಳೆಯಲ್ಲಿ ನಿಂತು, ಕೇಳಬಾರದೆಂದು ಇಷ್ಟು ದಿನ ತಡೆದಿದ್ದುದನ್ನೆಲ್ಲ ಆ ಒಂದು ನೋಟದಲ್ಲಿ ಕೇಳಿದ. ನಾನು ಕಣ್ಣು ತಗ್ಗಿಸಲಿಲ್ಲ.

"ಕಾಣಂಗಿಲ್ಲ," ಎಂದು ಮೆಲ್ಲಗೆ ನಕ್ಕ. "ನನಗೂ ಅಳು ಬರವಲ್ದು ನೋಡ್ರಿ."

ಗಾದಿ ಬಿಚ್ಚಿ, ಅರಳೆಯನ್ನು ಹಳೆಯ ಗೋಣಿಚೀಲಗಳಿಗೆ ತುಂಬಿ ಮೋರಿಗೆ ಅಡ್ಡ ಕಟ್ಟಿದೆವು. ಎಣ್ಣೆ ಅಲ್ಲಿಯೇ ನಿಂತಿತು.

ಸಂಜೆ ಲೋಕಲ್ ಇಳಿದು ಗ್ಯಾರೇಜಿಗೇ ಬಂದ ಅಬ್ಬಾ ಬರಿದಾದ ಗಾದಿಯ ಬಟ್ಟೆಯನ್ನು ಕೈಗೆತ್ತಿಕೊಂಡ.

"ಯಾರು ಬಿಚ್ಚಿದ್ದು?"

"ನಾನಽ, ಚಾಚಾ," ಎಂದ ಯೂನುಸ, ನನಗಿಂತ ಮೊದಲೇ.

ಅಬ್ಬಾ ಅಂಚನ್ನು ಬೆರಳಿನಿಂದ ತಡವಿದ. ಬಟ್ಟೆ ಎಲ್ಲಿಯೂ ಹರಿದಿರಲಿಲ್ಲ, ಕತ್ತರಿಯ ಗುರುತೂ ಇರಲಿಲ್ಲ. ಹೊಲಿಗೆ ಒಂದೇ ದಾರವಾಗಿ ಬಿಚ್ಚಿಕೊಂಡಿತ್ತು.

"ತಮ್ಮಾ, ಕಡೀ ಗಂಟು ನಾನು ಮಡಿಕಿ ಒಳಗ ಮುಚ್ಚತೀನಿ. ಅದು ಎಲ್ಲಿರತೈತಿ ಅಂತ ನಿನಗ ಯಾರು ಹೇಳಿದ್ರು?"

ಯೂನುಸ ನೆಲ ನೋಡಿದ. ಆ ಗಂಟನ್ನು ಅಬ್ಬಾ ತೋರಿಸಿಕೊಟ್ಟದ್ದು ನನಗೊಬ್ಬಳಿಗೆ. ಅಬ್ಬಾ ಯೂನುಸನನ್ನು ನೋಡಿದ, ಆಮೇಲೆ ನನ್ನನ್ನು, ಮತ್ತೆ ಯೂನುಸನನ್ನು.

"ಸುಳ್ಳು ಹೇಳಾಕ ಬರಂಗಿಲ್ಲ ಇವಗ," ಎಂದ. "ನೀ ಹೇಳು, ಬೇಟಿ."

"ನಾನಽ ಬಿಚ್ಚಿದ್ದು, ಅಬ್ಬಾ. ಎಣ್ಣಿ ಹರೀತಿತ್ತು, ಅದು ಖರೇ. ಆದ್ರ ಎಣ್ಣಿ ಹರೀಲಿಲ್ಲಾಂದ್ರೂ... ಆ ಮದುವಿ ನನಗ ಬ್ಯಾಡ."

"ಮತ್ತ ಹೂಂ, ಹೂಂ ಅಂತಿದ್ದೆಲ್ಲ?"

"ನಿನ್ನ ಭುಜ ನೋಡಿ ಅಂತಿದ್ದೆ."

ಅಬ್ಬಾ ಸ್ಟೂಲಿನ ಮೇಲೆ ಕುಳಿತ. ಬಿಚ್ಚಿದ ದಾರವನ್ನು ಬೆರಳಿಗೆ ಸುತ್ತಿಕೊಂಡ.

"ನಿನ್ನ ಫುಪ್ಪಿಗೆ ಏನಂತ ಹೇಳಲಿ?"

"ನಾನಽ ಹೇಳತೀನಿ."

ನನ್ನ ಕೈಗಳು ಮೊಣಕೈವರೆಗೆ ಕಪ್ಪಾಗಿದ್ದವು, ಯೂನುಸನ ಕೈಗಳೂ. ಅಬ್ಬಾ ಜೇಬಿನಿಂದ ಫೋನ್ ತೆಗೆದು ತಾನೇ ನಂಬರ್ ಒತ್ತಿದ. ನೋಯುವ ಭುಜವನ್ನು ಕಷ್ಟಪಟ್ಟು ಎತ್ತಿ, ಫೋನನ್ನು ನನ್ನ ಕಿವಿಗೆ ಹಿಡಿದ.